ಸ್ವಭಾವವೂ ವ್ಯಾಧಿಯೂ

ಮನುಷ್ಯನ ಸ್ವಭಾವವು ಅವನದೇ ಎಂದು ನಂಬಿ ಲೋಕವು ವ್ಯವಹರಿಸುತ್ತದೆ. ಒಬ್ಬನನ್ನು ಮುಂಗೋಪಿಯೆಂದು ದೂರುವುದೂ ಮತ್ತೊಬ್ಬಳನ್ನು ಚುರುಕಿನವಳೆಂದು ಹೊಗಳುವುದೂ ಈ ನಂಬಿಕೆಯ ಬಲದಿಂದಲೇ. ಆದರೆ ಕೊರಳಿನಲ್ಲಿ, ಶ್ವಾಸನಾಳದ ಮುಂದೆ, ಸುಮಾರು ಎರಡು ತೊಲ ತೂಗುವ ಗ್ರಂಥಿಯೊಂದುಂಟು. ಗುರಾಣಿಯೆಂಬ ಅರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಥೈರಾಯ್ಡ್ ಎಂಬ ಹೆಸರು ಬಂದಿತು. ದೇಹವ್ಯಾಪಾರಗಳ ವೇಗವನ್ನು ನಿಯಮಿಸುವುದು ಅದರ ರಸ. ಆ ರಸವು ಮಿತಿಮೀರಿತೆಂದರೆ ಎದೆ ಡವಗುಟ್ಟುವುದು, ಕೈ ನಡುಗುವುದು, ಉಂಡರೂ ಮೈ ಇಳಿಯುವುದು, ನಿದ್ರೆ ಹಾರಿಹೋಗುವುದು. ಇವುಗಳೊಡನೆ ಸಿಡುಕು, ಆತುರ, ಮಾತಿನ ರಭಸ. ಡಬ್ಲಿನ್ ನಗರದ ವೈದ್ಯನಾದ ಗ್ರೇವ್ಸನು 1835ರಲ್ಲಿ ಇದನ್ನು ವರ್ಣಿಸಿದನು. ಈ ವ್ಯಾಧಿಯ ಮುಖ್ಯ ಪ್ರಭೇದಕ್ಕೆ ಇಂದಿಗೂ ಅವನ ಹೆಸರೇ ನಿಂತಿದೆ.

ಚಿಕಿತ್ಸೆಯನ್ನು ವೈದ್ಯಶಾಸ್ತ್ರವು ಚೆನ್ನಾಗಿ ಬಲ್ಲದು. ಕಾರ್ಬಿಮಜೋಲ್ ಮೊದಲಾದ ಮಾತ್ರೆಗಳುಂಟು, ಶಸ್ತ್ರಕ್ರಿಯೆಯುಂಟು, 1941ರಲ್ಲಿ ಬಾಸ್ಟನ್ ನಗರದಲ್ಲಿ ಮೊದಲು ಪ್ರಯೋಗಿಸಲ್ಪಟ್ಟ ವಿಕಿರಣಶೀಲ ಅಯೋಡಿನ್ ಉಂಟು. ತೊಡಕು ಇರುವುದು ಗುಣವಾದ ಮೇಲಿನ ಬಾಳಿನಲ್ಲಿ.

ತಿರುಮಕೂಡಲು ನರಸೀಪುರದಲ್ಲಿ ಐವತ್ತರ ಸಮೀಪದ ಒಬ್ಬ ಗೃಹಿಣಿಯನ್ನು ವಾಚಕರು ಭಾವಿಸಿಕೊಳ್ಳಲಿ. ವ್ಯಾಧಿಯಿದ್ದ ಕಾಲದಲ್ಲಿ ಆಕೆ ನಾಲ್ಕು ಗಂಟೆಗೇ ಎದ್ದು, ಹೊತ್ತು ಮೂಡುವುದರೊಳಗೆ ಅರ್ಧ ಮನೆಗೆಲಸ ಮುಗಿಸುತ್ತಿದ್ದಳು. ಬೀದಿಯೇ ಮೆಚ್ಚುತ್ತಿತ್ತು. ಅದೇ ಕಾಲದಲ್ಲಿ ಸೊಸೆಯನ್ನು ಕಣ್ಣೀರಿಡಿಸದೆ ಒಂದು ದಿನವೂ ಕಳೆಯುತ್ತಿರಲಿಲ್ಲ. ಮೈಸೂರಿಗೆ ಹೋಗಿ ಅಯೋಡಿನ್ ಚಿಕಿತ್ಸೆ ಮಾಡಿಸಿಕೊಂಡಳು. ಈ ಚಿಕಿತ್ಸೆಯ ಬಳಿಕ ಬಹುಮಂದಿಗೆ ಆಗುವಂತೆ ಆಕೆಯ ಗ್ರಂಥಿಯೂ ಕ್ರಮೇಣ ಕೆಲಸವನ್ನೇ ನಿಲ್ಲಿಸಿತು. ಈಗ ಆ ರಸಕ್ಕೆ ಪ್ರತಿಯಾಗಿ ಜೀವಮಾನವೆಲ್ಲ ದಿನಕ್ಕೊಂದು ಮಾತ್ರೆ. ನಾಡಿ ಶಾಂತವಾಗಿದೆ. ಆದರೆ ಮಾತ್ರೆಯ ಪ್ರಮಾಣ ಇನ್ನೂ ಸರಿಹೊಂದದ್ದರಿಂದ ಮೈ ಭಾರ, ಛಳಿ ತಡೆಯದು, ಸಂಜೆಯಾಗುತ್ತಲೇ ಒರಗಬೇಕು. ಮನೆಯವರು, "ಆಗಿನ ಆ ಚುರುಕು ಎಲ್ಲಿ ಹೋಯಿತಮ್ಮ?" ಎನ್ನುತ್ತಾರೆ. ಅವಳನ್ನು ಕಾಡುವ ಪ್ರಶ್ನೆ ಬೇರೆ: ಆಗ ಇದ್ದವಳು ನಾನೋ, ಈಗ ಇರುವವಳು ನಾನೋ?

ಮನೆಯವರ ಲೆಕ್ಕವನ್ನು ಮೊದಲು ನೋಡತಕ್ಕದ್ದು. ಆಗಿನ ಕೋಪಕ್ಕೆ ಅವರು, "ಪಾಪ, ರೋಗವಲ್ಲವೆ" ಎಂದು ಕ್ಷಮೆ ಕೊಟ್ಟಿದ್ದಾರೆ, ಇದು ಸಜ್ಜನಿಕೆಯೇ. ಆದರೆ ಆಗಿನ ದುಡಿಮೆಯನ್ನು ಅವಳ ಗುಣವೆಂದೂ, ಈಗಿನ ಬಳಲಿಕೆಯನ್ನು ಅವಳ ಆಲಸ್ಯವೆಂದೂ ಎಣಿಸುತ್ತಾರೆ. ಒಂದೇ ಗ್ರಂಥಿಯ ರಸದಿಂದ ಹುಟ್ಟಿದ ಎರಡರಲ್ಲಿ ತಮಗೆ ಒಗ್ಗದ್ದನ್ನು ರೋಗದ ಖಾತೆಗೂ, ಒಗ್ಗಿದ್ದನ್ನು ಅವಳ ಖಾತೆಗೂ ಬರೆಯುವುದು ಯಾವ ನ್ಯಾಯ? ಶ್ಯಾನುಭೋಗನೊಬ್ಬನು ಹೀಗೆ ಬರೆದಿದ್ದರೆ ಊರು ಸುಮ್ಮನಿರುತ್ತಿರಲಿಲ್ಲ.

ಸಾಂಖ್ಯರ ಮತದಲ್ಲಿ ಗುಣಗಳು ಪ್ರಕೃತಿಯವು, ಪುರುಷನವಲ್ಲ. ಮಿತಿಮೀರಿದ ರಸದ ಚಿಹ್ನೆಗಳು ರಜಸ್ಸಿನ ವರ್ಣನೆಯಂತೆಯೂ, ಕುಂದಿದ ರಸದ ಚಿಹ್ನೆಗಳು ತಮಸ್ಸಿನ ವರ್ಣನೆಯಂತೆಯೂ ಇರುವುದನ್ನು ಕಂಡರೆ ಆ ಮತಕ್ಕೆ ಹೊಸ ಸಾಕ್ಷಿ ದೊರಕಿತೆಂದು ಯಾರಾದರೂ ಹಿಗ್ಗಬಹುದು. ಆದರೆ ಇಷ್ಟರಿಂದ ಪ್ರಶ್ನೆ ತೀರದು. ಎಲ್ಲವೂ ಗ್ರಂಥಿಯದೇ ಆದರೆ ಸೊಸೆಯ ಕಣ್ಣೀರು ಯಾರ ಲೆಕ್ಕಕ್ಕೆ? ಅಂದು ಆಡಿದ ಮಾತಿಗೆ ಆ ಗೃಹಿಣಿ ಪೂರ್ಣ ಹೊಣೆಯಲ್ಲವೆಂಬುದು ನಿಜ. ಆ ಮಾತು ನಾಟಿದ ಮನಸ್ಸನ್ನು ಸಂತೈಸಲು ಅವಳಲ್ಲದೆ ಬೇರೊಬ್ಬರಿಲ್ಲವೆಂಬುದೂ ಅಷ್ಟೇ ನಿಜ. ತಪ್ಪು ಮಾಡಿದವರು ಮಾತ್ರ ಸರಿಪಡಿಸಬೇಕೆಂಬ ನಿಯಮವು ನ್ಯಾಯಸ್ಥಾನಕ್ಕೆ ಸಾಕು, ಸಂಸಾರಕ್ಕೆ ಸಾಲದು. ಗ್ರಂಥಿಯು ಕ್ಷಮೆ ಕೇಳಲಾರದು. ನಾನಾರೆಂಬ ಆಕೆಯ ಪ್ರಶ್ನೆಗೆ ಉತ್ತರದ ಒಂದಂಶವಾದರೂ ಇಲ್ಲಿಯೇ ಇದೆ: ಸೊಸೆಯನ್ನು ಹತ್ತಿರ ಕೂರಿಸಿಕೊಂಡು ಎರಡು ಮಾತಾಡಲು ಬಲ್ಲವಳು ಯಾರೋ, ಅವಳೇ ಆಕೆ, ಅದಕ್ಕೆ ಚುರುಕು ಬೇಕಿಲ್ಲ.

ನಂಜನಗೂಡಿನ ಶ್ರೀಕಂಠೇಶ್ವರನು ನಂಜನ್ನು ಉಂಡವನು. ಆ ನಂಜು ಹೊಟ್ಟೆಗಿಳಿಯಲಿಲ್ಲ, ಹೊರಕ್ಕೂ ಬರಲಿಲ್ಲ, ಕೊರಳಿನಲ್ಲಿಯೇ ನಿಂತಿತು. ಟಿಪ್ಪು ಸುಲ್ತಾನನು ಆ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂದು ಐತಿಹ್ಯವಿದೆ. ಕೊರಳಿನ ವ್ಯಾಧಿಯವರು ಕಪಿಲೆಯಲ್ಲಿ ಮಿಂದು ಅಲ್ಲಿ ಹರಕೆ ಹೊತ್ತರೆ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಹರಕೆ ಸಂದಿತೆಂದು ಮಾತ್ರೆ ಬಿಡುವುದು ಮಾತ್ರ ಅಪಾಯ. ಕಥೆಯಲ್ಲಿಯೂ ನಂಜು ಮಾಯವಾಗಲಿಲ್ಲವಲ್ಲ. ಅದನ್ನು ಇರುವಲ್ಲಿಯೇ ಇರಿಸಿಕೊಳ್ಳಬೇಕಾಯಿತು.

ದಿನವೂ ಮಾತ್ರೆಯನ್ನು ನಂಬಿದ ಬಾಳೂ ಒಂದು ಬಾಳೇ ಎಂದು ನಾಚುವವರುಂಟು. ನರಸೀಪುರದ ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿಯಿದೆ. ಆ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಜನರ ನಂಬಿಕೆ. ಮಾತ್ರೆಯಲ್ಲಿರುವ ಔಷಧ 100 ಮೈಕ್ರೋಗ್ರಾಂ ಎಂದಿಟ್ಟುಕೊಂಡರೆ, ಸುಮಾರು 120 ಮಿಲಿಗ್ರಾಂ ತೂಗುವ ಒಂದು ಗುಲಗಂಜಿಯಷ್ಟು ಔಷಧವು ಮೂರು ವರ್ಷಕ್ಕೂ ಮೀರಿ ಸಾಕಾಗುವುದು. ಅನ್ನವನ್ನು ದಿನವೂ ನಂಬಲು ನಾಚದವರು ಇಷ್ಟಕ್ಕೆ ನಾಚುವುದೇಕೆ? ಹಳೆಯ ಚುರುಕನ್ನು ಬಯಸಿ ತಾವಾಗಿಯೇ ಮಾತ್ರೆ ಹೆಚ್ಚಿಸುವವರು ಇವರಿಗಿಂತ ಅವಿವೇಕಿಗಳು. ಆ ಚುರುಕಿನ ಬೆಲೆಯನ್ನು ಎದೆಯೂ ಎಲುಬೂ ತೆರಬೇಕಾಗುವುದು.

ಪ್ರಮಾಣ ಬದಲಾದ ಮೇಲೆ ರಕ್ತಪರೀಕ್ಷೆಗೆ ಆರು ವಾರವಾದರೂ ಕಾಯಬೇಕು. ಈ ಔಷಧವು ದೇಹದಲ್ಲಿ ನಿಧಾನವಾಗಿ ನೆಲೆಗೊಳ್ಳುವುದು. ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ಮಾತ್ರೆ ನುಂಗಿ, ಕಾಫಿಗೆ ಅರ್ಧ ಗಂಟೆಯಾದರೂ ತಾಳಬೇಕು. ಮೈಸೂರು ಸೀಮೆಯ ಮನೆಗಳಲ್ಲಿ ಇದು ಕಠಿಣವಾದ ವ್ರತವೇ ಸರಿ. ಆ ಅರ್ಧ ಗಂಟೆಯಲ್ಲಿ ಒಲೆ ಹಚ್ಚುವವರು ಯಾರೆಂಬುದು ವೈದ್ಯನ ಚೀಟಿಯಲ್ಲಿ ಬರೆದಿರುವುದಿಲ್ಲ.