ನಿಯತ್ತಿನಾಚೆಯ ನಾಯಿ

ನಾಯಿ ಸತ್ತ ಮನೆಗೆ ಬಂದವರು ಮೊದಲು ಆಡುವ ಮಾತು, ‘ಬಲು ನಿಯತ್ತಿನ ಪ್ರಾಣಿ.’ ಅದರ ಬೆನ್ನಿಗೇ, ‘ಇನ್ನೊಂದು ಮರಿ ತಂದು ಸಾಕಿ, ಸರಿಹೋಗುತ್ತೆ.’ ಎರಡರ ಹಿಂದೆಯೂ ಒಂದೇ ತಪ್ಪು ಲೆಕ್ಕವಿದೆ ಎಂಬುದು ನನ್ನ ತಕರಾರು. ನಿಯತ್ತು ಯಾವ ನಾಯಿಗಿಲ್ಲ? ಎಲ್ಲಕ್ಕೂ ಇರುವ ಗುಣಕ್ಕಾಗಿಯೇ ಅಳುತ್ತಿದ್ದರೆ ಹೊಸ ಮರಿ ಬಂದ ದಿನವೇ ಅಳು ನಿಲ್ಲಬೇಕಿತ್ತು. ನಿಲ್ಲುವುದಿಲ್ಲ. ಬಾಣಾವರದ ನಮ್ಮ ತೋಟದಲ್ಲಿ ತೆಂಗಿನ ಬುಡದ ಹತ್ತಿರ ನಮ್ಮ ನಾಯಿ ಕರಿಯನನ್ನು ಹೂತು ಬಂದ ಮೇಲೂ ಅಪ್ಪ ಮುದ್ದೆಯ ಕೊನೇ ತುತ್ತನ್ನು ತಟ್ಟೆಯಂಚಿಗೆ ಸರಿಸುತ್ತಲೇ ಇದ್ದರು. ಆ ತುತ್ತು ಕಾವಲುಗಾರನಿಗಲ್ಲ, ಕರಿಯನಿಗೆ.

ನಿಯತ್ತಿನ ಮಾತನ್ನು ಮನುಷ್ಯರಿಗೇ ಮೀಸಲಿಡೋಣ. ನಮ್ಮೂರಿಂದ ಜಾವಗಲ್ ದಾಟಿ ಹಳೇಬೀಡಿಗೆ ಹೋದರೆ ಹೊಯ್ಸಳೇಶ್ವರ ಗುಡಿಯ ಆವರಣದಲ್ಲಿ ಗರುಡಗಂಬವಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ಸತ್ತಾಗ ಕೊಟ್ಟ ಭಾಷೆಯಂತೆ ತಾನೂ ಪ್ರಾಣ ಬಿಟ್ಟ ಕುವರ ಲಕ್ಷ್ಮನ ನೆನಪಿನ ಕಂಬ ಅದು. ಆ ಪದ್ಧತಿ ನನಗೆ ಒಪ್ಪಿಗೆಯಾಗಬೇಕಿಲ್ಲ. ಆದರೆ ಲಕ್ಷ್ಮನಿಗೆ ಭಾಷೆ ಮುರಿಯುವ ದಾರಿಯೂ ಇತ್ತು, ಹಾಗಾಗಿಯೇ ಅವನ ನಿಷ್ಠೆಗೆ ತೂಕ. ನಾಯಿ ಯಾರಿಗೆ ಯಾವಾಗ ಭಾಷೆ ಕೊಟ್ಟಿತ್ತು? ಅದರ ನಿಯತ್ತನ್ನು ಹಾಡಿ ಹೊಗಳುವಾಗ ನಾವು ಒಳಗೊಳಗೇ ಹೊಗಳಿಕೊಳ್ಳುವುದು ನಮ್ಮನ್ನೇ, ಅಷ್ಟು ನಿಷ್ಠೆಗೆ ಯೋಗ್ಯರಾದ ಯಜಮಾನರನ್ನು.

ಈ ವಿಷಯದಲ್ಲಿ ಸಾವಿರ ವರ್ಷದ ಹಿಂದಿನವರೇ ವಾಸಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಕ್ರಿ.ಶ. 949-50ರದು. ಚರಿತ್ರೆಕಾರರು ಅದನ್ನು ಓದುವುದು ತಕ್ಕೋಲದ ಯುದ್ಧಕ್ಕಾಗಿ, ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸುದ್ದಿಗಾಗಿ. ನನಗೆ ಮುಖ್ಯ ಕಾಳಿ. ಆ ಯುದ್ಧದಲ್ಲಿ ಬೂತುಗನ ಕಡೆ ಕಾದಿದ ಮಣಲೇರ ಎಂಬವನನ್ನು ಒಡೆಯ ಮೆಚ್ಚಿ ‘ಬೇಡಿಕೋ’ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು, ಎರಡೂ ಕಾದಾಡುವ ಚಿತ್ರ ಅದರ ಮೇಲೆ. ಕಾಳಿಯ ನಿಯತ್ತಿನ ಮಾತೇ ಅಲ್ಲಿಲ್ಲ. ಗೆಲುವಿನ ಬಡಾಯಿಯೂ ಇಲ್ಲ. ಹೆಸರು, ಎದುರಾಳಿ, ಸಾವು, ಅಷ್ಟೆ. ಮಹಾಭಾರತಕ್ಕೂ ಇಷ್ಟು ಸಂಯಮ ಸಾಧ್ಯವಾಗಲಿಲ್ಲ. ಧರ್ಮರಾಯನ ಹಿಂದೆ ನಡೆದ ನಾಯಿಗೆ ಅಲ್ಲಿ ಹೆಸರಿಲ್ಲ, ಕೊನೆಗೆ ಅದು ನಾಯಿಯಾಗಿ ಉಳಿಯುವುದೂ ಇಲ್ಲ, ಯಮಧರ್ಮನಾಗಿಬಿಡುತ್ತದೆ. ದೇವರಾಗದೆ ಸ್ವರ್ಗದ ಬಾಗಿಲಿಗೆ ಬರುವ ಹಕ್ಕು ನಾಯಿಗಿಲ್ಲವೇನೋ!

ಆತಕೂರಿನ ಕಲ್ಲಿಗೆ ಒಂದು ಕರಾರೂ ಇತ್ತು. ಗುಡಿಯ ಗೊರವನಿಗೆ ಎರಡು ಖಂಡುಗ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆ ಎಂದು ಬರೆಸಿದರು. ಜಾಣತನದ ಏರ್ಪಾಡು. ಆದರೂ ಮುಂದಿನ ತಲೆಮಾರಿನ ಗೊರವ ಕಾಳಿಯನ್ನು ಕಂಡವನಲ್ಲ. ಕಾಳಿ ಗುಡುಗಿಗೆ ಹೆದರುತ್ತಿತ್ತೇ, ಎಲ್ಲಿ ಮಲಗುತ್ತಿತ್ತು, ಯಾರನ್ನು ಕಂಡರೆ ಆಗುತ್ತಿರಲಿಲ್ಲ ಎಂಬುದೆಲ್ಲ ಮಣಲೇರನ ಜೊತೆಗೇ ಹೋಯಿತು. ಪೂಜೆಯನ್ನು ಕೂಲಿಗೆ ಕೊಡಬಹುದು, ನೆನಪನ್ನು ಕೊಡಲಾಗದು.

ಈಗ ಮನೆಗೆ ಮರಿ ಬಂದಿದೆ. ಅಮ್ಮ ಅದಕ್ಕೂ ಕರಿಯ ಎಂದೇ ಹೆಸರಿಡಬೇಕು ಅನ್ನುತ್ತಾಳೆ. ಒಬ್ಬನ ಹೆಸರನ್ನು ಇನ್ನೊಬ್ಬನಿಗೆ ಹೊದಿಸಿದರೆ ಇಬ್ಬರೂ ಕಳೆದುಹೋಗುತ್ತಾರೆ ಎಂದು ನಾನು ವಾದಿಸಿದೆ. ‘ನಿನಗೆ ನಿಮ್ಮ ತಾತನ ಹೆಸರನ್ನೇ ಅಲ್ವೇನೋ ಇಟ್ಟಿರೋದು? ಅವರನ್ನ ಮರೆತುಬಿಟ್ವಾ?’ ಎಂದಳು. ಮರೆತಿಲ್ಲ ನಿಜ. ಆದರೆ ಅದು ಹೆಸರಿನ ದೆಸೆಯಿಂದಲ್ಲ, ತಾತನ ಸಿಡುಕು, ಜಿಪುಣತನ, ಇಸ್ಪೀಟಿನ ಚಟ ಎಲ್ಲವನ್ನೂ ಮನೆಯಲ್ಲಿ ಹೇಳುತ್ತ ಬಂದದ್ದರಿಂದ. ಅಂಥ ಕರಾರಿಗೆ ಅಮ್ಮ ಒಪ್ಪುವುದಾದರೆ ಮರಿಯೂ ಕರಿಯನೇ ಆಗಲಿ. ಹಳೇ ಕರಿಯ ಅಂಗಳದಲ್ಲಿ ಒಣಹಾಕಿದ ಕೊಬ್ಬರಿ ಕದಿಯುತ್ತಿದ್ದದ್ದು, ದೀಪಾವಳಿಯ ಪಟಾಕಿಗೆ ಹೆದರಿ ಕೊಟ್ಟಿಗೆ ಸೇರಿ ಮಾರನೇ ದಿನದವರೆಗೂ ಹೊರಗೆ ಬಾರದೆ ಇದ್ದದ್ದು, ಎಲ್ಲವನ್ನೂ ಮಕ್ಕಳಿಗೆ ಹೇಳಬೇಕು. ನಿಯತ್ತಿನ ಮಾತು ಬೇಡ.