ಆಯ್ಕೆಯಾಗದವರಿಗೆ ಏನು ಉತ್ತರ?

ದೇಶದ ತಂಡಕ್ಕೆ ಹೋಗಬೇಕಾದವರು ಯಾರು? ನಿನ್ನೆ ಗೆದ್ದವರೋ, ನಾಳೆ ಗೆಲ್ಲಬಲ್ಲರು ಎಂದು ಆಯ್ಕೆಗಾರರು ನಂಬಿದವರೋ? ಫಿಗರ್ ಸ್ಕೇಟಿಂಗ್‌ನ ತಂಡ ಸ್ಪರ್ಧೆಯನ್ನು ನೋಡುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆ ಶುರುವಾದದ್ದು 2014ರಲ್ಲಿ, ರಷ್ಯಾದ ಸೋಚಿಯಲ್ಲಿ. ಪುರುಷರು, ಮಹಿಳೆಯರು, ಜೋಡಿ, ಐಸ್ ಡಾನ್ಸ್ ಹೀಗೆ ನಾಲ್ಕು ವಿಭಾಗ. ಪ್ರತಿಯೊಂದರಲ್ಲೂ ಮೊದಲಿಗರಿಗೆ 10 ಅಂಕ, ಹತ್ತನೆಯವರಿಗೆ 1. ಒಬ್ಬರು ಜಾರಿದರೆ ಎಲ್ಲರ ಪದಕವೂ ಜಾರಬಹುದು.

ಆ ವರ್ಷ ಪುರುಷರ ವಿಭಾಗದಲ್ಲಿ ರಷ್ಯಾಕ್ಕೆ ಇದ್ದದ್ದು ಒಂದೇ ಸ್ಥಾನ. ರಾಷ್ಟ್ರೀಯ ಸ್ಪರ್ಧೆ ಗೆದ್ದವನು 18ರ ಮ್ಯಾಕ್ಸಿಮ್ ಕೊವ್ತುನ್. ಎರಡನೆಯವರು 31ರ ಯೆವ್ಗೆನಿ ಪ್ಲುಶೆಂಕೊ, 2006ರ ಒಲಿಂಪಿಕ್ ಚಾಂಪಿಯನ್. ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಕೊವ್ತುನ್ ಐದನೆಯವನಾದ. ಬಳಿಕ ಪ್ಲುಶೆಂಕೊ ಮುಚ್ಚಿದ ಬಾಗಿಲ ಹಿಂದೆ ಅಧಿಕಾರಿಗಳ ಮುಂದೆ ಸ್ಕೇಟ್ ಮಾಡಿ ತೋರಿಸಿದರು. ಸ್ಥಾನ ಅವರದಾಯಿತು.

ಫೆಬ್ರವರಿ 9ರಂದು ರಷ್ಯಾ ತಂಡ ಚಿನ್ನ ಗೆದ್ದಿತು. ಆಯ್ಕೆ ಸರಿ ಎಂದರು ಹಲವರು. 13ರಂದು ವೈಯಕ್ತಿಕ ಸ್ಪರ್ಧೆಗೆ ಐಸ್‌ಗೆ ಇಳಿದ ಪ್ಲುಶೆಂಕೊ, ಬೆನ್ನುನೋವಿನಿಂದ ಅಭ್ಯಾಸದ ಹೊತ್ತಿನಲ್ಲೇ ಹಿಂದೆ ಸರಿದರು. ಆಯ್ಕೆ ತಪ್ಪು ಎಂಬ ಕೂಗೆದ್ದಿತು. ನಾಲ್ಕೇ ದಿನಗಳಲ್ಲಿ ಒಂದೇ ತೀರ್ಮಾನ ಸರಿಯೂ ತಪ್ಪೂ ಆಗುವುದು ಹೇಗೆ? ಫಲಿತಾಂಶ ನೋಡಿ ನ್ಯಾಯ ಹೇಳುವುದು ಗೆದ್ದೆತ್ತಿನ ಬಾಲ ಹಿಡಿಯುವ ಕೆಲಸ. ಆಯ್ಕೆಯ ನ್ಯಾಯ ನಿರ್ಧಾರವಾಗಬೇಕಾದದ್ದು ಸ್ಕೇಟು ಐಸ್ ಮುಟ್ಟುವ ಮೊದಲೇ.

ಹಾಗಾದರೆ ಗೆದ್ದವರನ್ನೇ ಕಣ್ಣುಮುಚ್ಚಿ ಕಳಿಸಬೇಕೆ? ನಾನು ಹಾಗೆನ್ನಲಾರೆ. ರಾಷ್ಟ್ರೀಯ ಸ್ಪರ್ಧೆಯ ಗೆಲುವಿಗೆ ಪದಕವೇ ಬಹುಮಾನ. ತಂಡದ ಸ್ಥಾನ ಬಹುಮಾನವಲ್ಲ, ಇತರರ ಪರವಾಗಿ ಹೊರುವ ಹೊಣೆ. ಅದನ್ನು ಒಂದು ಸಂಜೆಯ ಆಟದಿಂದ ಮಾತ್ರ ಅಳೆಯಬೇಕಾಗಿಲ್ಲ. ಅದೇ 2014ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೂರನೆಯವಳಾದ ಮಿರಾಯ್ ನಾಗಾಸುವನ್ನು ಬಿಟ್ಟು, ನಾಲ್ಕನೆಯವಳಾದ ಆಶ್ಲಿ ವ್ಯಾಗ್ನರ್‌ಳನ್ನು ಆರಿಸಿತು. ಅಂತಾರಾಷ್ಟ್ರೀಯ ಸ್ಪರ್ಧೆಗಳ ಸಾಧನೆಯೂ ಲೆಕ್ಕಕ್ಕೆ ಬರುತ್ತದೆಂಬುದು ಅಲ್ಲಿನ ನಿಯಮದಲ್ಲೇ ಇತ್ತು. ನಾಗಾಸುವಿಗೆ ನೋವಾಯಿತು, ನಿಜ. ನೋವೆಲ್ಲ ಅನ್ಯಾಯವಲ್ಲ.

ಆದರೆ ಹೊಣೆಯ ಮಾತಾಡುವವರಿಗೂ ಒಂದು ಹೊಣೆಯಿದೆ. ಸ್ಕೇಟರ್ ದೇಶದ ಪದಕಕ್ಕೆ ಬಳಸಿ ಪಕ್ಕಕ್ಕಿಡುವ ಸಲಕರಣೆಯಲ್ಲ. ಬಾಲ್ಯವನ್ನೇ ಐಸ್‌ಗೆ ಕೊಟ್ಟ ಮನುಷ್ಯ. ಯಾವುದನ್ನು ಅಳೆಯುತ್ತಾರೆಂದು ಅವರಿಗೆ ಮೊದಲೇ ತಿಳಿದಿರಬೇಕು. ಯಾಕೆ ಬೇಡವಾದೆ ಎಂದು ಕೇಳಿದರೆ, ಎಲ್ಲರೆದುರು ಹೇಳಬಲ್ಲ ಕಾರಣ ಸಿಗಬೇಕು. ಮುಚ್ಚಿದ ಬಾಗಿಲ ಪರೀಕ್ಷೆಯಲ್ಲಿ ನನಗೆ ಕೊರತೆಯಾಗಿ ಕಾಣುವುದು ಇದೇ. ಒಳಗೆ ನಡೆದದ್ದು ನ್ಯಾಯವೇ ಆಗಿದ್ದರೂ, ಹೊರಗೆ ನಿಂತವನಿಗೆ ಅದನ್ನು ನಂಬಲು ಆಧಾರವಿಲ್ಲ.

2018ರಲ್ಲಿ ನಾಗಾಸು ಆಯ್ಕೆಯಾದಳು. ತಂಡ ಸ್ಪರ್ಧೆಯಲ್ಲಿ ಗಾಳಿಯಲ್ಲಿ ಮೂರೂವರೆ ಸುತ್ತು ಸುತ್ತುವ ಟ್ರಿಪಲ್ ಆಕ್ಸೆಲ್ ಹಾರಿದಳು. ಒಲಿಂಪಿಕ್ಸ್‌ನಲ್ಲಿ ಅದನ್ನು ಸಾಧಿಸಿದ ಮೊದಲ ಅಮೆರಿಕನ್ ಮಹಿಳೆ ಅವಳೇ. ತಂಡಕ್ಕೆ ಕಂಚು ಬಂತು. ಇದರಿಂದ 2014ರ ಆಯ್ಕೆ ತಪ್ಪೆಂದು ಸಾಬೀತಾಗುವುದಿಲ್ಲ.

ಕೊವ್ತುನ್‌ಗೆ ಮಾತ್ರ ಒಲಿಂಪಿಕ್ಸ್ ಒಮ್ಮೆಯೂ ದಕ್ಕಲಿಲ್ಲ. ಎಲ್ಲರಿಗೂ ಇನ್ನೊಂದು ನಾಲ್ಕು ವರ್ಷ ಸಿಗುವುದಿಲ್ಲ. ಸ್ಥಾನ ಒಂದೇ ಇದ್ದಾಗ ಒಬ್ಬರು ಹೊರಗುಳಿಯಲೇಬೇಕು. ಆದರೆ ಕಾರಣಕ್ಕೆ ಅಂಥ ಬರವಿಲ್ಲ, ಅದನ್ನು ಇಬ್ಬರಿಗೂ ಕೊಡಬಹುದು.