ಎರಡನೆಯ ರಾತ್ರಿ ಇಲ್ಲದ ಆಟ

2015ರ ಡಿಸೆಂಬರ್ 3ರ ರಾತ್ರಿ ಅಮೆರಿಕದ ಎನ್‌ಬಿಸಿ ವಾಹಿನಿ ‘ದಿ ವಿಜ್’ ಸಂಗೀತ ನಾಟಕವನ್ನು ನೇರಪ್ರಸಾರ ಮಾಡಿತು. ಕ್ವೀನ್ ಲತೀಫಾ, ಮೇರಿ ಜೆ. ಬ್ಲೈಜ್, ನೀ-ಯೋ ಮೊದಲಾದ ಹೆಸರುವಾಸಿಗಳು ಸುತ್ತಲಿನ ಪಾತ್ರಗಳಲ್ಲಿದ್ದರು. ಅವರೆಲ್ಲರ ನಡುವೆ ನಾಯಕಿ ಡೊರೊಥಿಯಾಗಿ ನಿಂತವಳು ಮಾತ್ರ ಹೊರಗಿನವರು ಹೆಸರು ಕೇಳಿರದ ಹುಡುಗಿ, ಶನೀಸ್ ವಿಲಿಯಮ್ಸ್. ನ್ಯೂಜೆರ್ಸಿಯ ರಾಹ್ವೇ ಊರಿನವಳು. ಯಾರು ಬೇಕಾದರೂ ಬರಬಹುದಾಗಿದ್ದ ಆಡಿಷನ್‌ಗೆ ಬಂದು ಆಯ್ಕೆಯಾದಾಗ ಅವಳಿಗೆ 18 ವರ್ಷ.

ಅಂದು ನೋಡಿದವರು ಸುಮಾರು 1.15 ಕೋಟಿ ಜನ. 1,500 ಆಸನಗಳ ಒಂದು ಬ್ರಾಡ್‌ವೇ ರಂಗಮಂದಿರದಲ್ಲಿ ವಾರಕ್ಕೆ ಎಂಟು ಪ್ರದರ್ಶನದಂತೆ, ಒಂದು ಕುರ್ಚಿಯೂ ಖಾಲಿ ಬೀಳದೆ ನಡೆದರೂ ಅಷ್ಟು ಜನಕ್ಕೆ ನಾಟಕ ತೋರಿಸಲು ಹದಿನೆಂಟು ವರ್ಷ ಬೇಕು. ಹೆಚ್ಚುಕಡಿಮೆ ತಾನು ಹುಟ್ಟಿ ಬೆಳೆದಷ್ಟು ಕಾಲದ ಪ್ರೇಕ್ಷಕರನ್ನು ಆ ಹುಡುಗಿ ಜಾಹೀರಾತುಗಳೂ ಸೇರಿ ಮೂರೇ ಗಂಟೆಯಲ್ಲಿ ಎದುರಿಸಿದಳು. ಇಂಥ ಭಾರವನ್ನು ಅನುಭವವಿಲ್ಲದವರ ತಲೆಯ ಮೇಲೆ ಹೊರಿಸುವುದು ಸರಿಯೇ?

ಸಾಮಾನ್ಯವಾಗಿ ಇದಕ್ಕೆ ಅರ್ಹತೆಯ ಕಡೆಯಿಂದ ಉತ್ತರ ಹುಡುಕುತ್ತಾರೆ. ವರ್ಷಗಟ್ಟಲೆ ಕೋರಸ್ಸಿನಲ್ಲಿ ಕುಣಿದು, ಸಣ್ಣಪುಟ್ಟ ಪಾತ್ರ ಮಾಡಿ ಕಾದು ಕೂತವರಿರುವಾಗ ನಿನ್ನೆ ಬಂದವಳಿಗೆ ಪಟ್ಟ ಕಟ್ಟುವುದೇ ಎಂದು ಒಂದು ಪಕ್ಷ. ಪ್ರತಿಭೆಗೆ ಸರದಿ ಸಾಲು ಯಾಕೆ ಎಂದು ಇನ್ನೊಂದು ಪಕ್ಷ. ಈ ಜಗಳ ಮುಗಿಯುವಂಥದ್ದಲ್ಲ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಒಂದಿದೆ: ನಟನೆಯಲ್ಲಿ ಅನುಭವ ಎನ್ನುವುದು ಯಾವುದರ ಅನುಭವ?

ಹದಿನೆಂಟನೆಯ ಶತಮಾನದ ಫ್ರೆಂಚ್ ಚಿಂತಕ ದೆನಿ ದಿದೆರೋ ನಟನ ವಿರೋಧಾಭಾಸದ ಬಗ್ಗೆ ಒಂದು ಸಂವಾದ ಬರೆದಿಟ್ಟು ಹೋದ. ಅದು ಅಚ್ಚಾದದ್ದು ಅವನು ಸತ್ತು ಎಷ್ಟೋ ವರ್ಷಗಳ ಮೇಲೆ, 1830ರಲ್ಲಿ. ಪಾತ್ರದ ದುಃಖವನ್ನು ನಿಜಕ್ಕೂ ಅನುಭವಿಸುತ್ತಾ ಆಡುವ ನಟ ಮೊದಲ ದಿನ ಬೆಂಕಿಯಂತಿರುತ್ತಾನೆ, ಮೂರನೆಯ ದಿನಕ್ಕೆ ಆರಿ ತಣ್ಣಗಾಗುತ್ತಾನೆ ಎನ್ನುವುದು ಅವನ ವಾದ. ಒಳ್ಳೆಯ ನಟನ ಒಳಗು ತಣ್ಣಗಿರಬೇಕು. ಕಣ್ಣೀರು ಲೆಕ್ಕ ಹಾಕಿ ಬರಬೇಕು. ಆಗಲೇ ಅದು ಪ್ರತಿದಿನ ಬಂದೀತು. ಈ ವಾದದ ಬಲವೆಲ್ಲ ನಿಂತಿರುವುದು ಮತ್ತೆ ಮತ್ತೆ ಆಡಬೇಕು ಎನ್ನುವುದರ ಮೇಲೆ. ರಂಗಭೂಮಿಯ ಅನುಭವ ಎಂದರೆ ಬಹುಪಾಲು ಮರು ಆಟದ ಅನುಭವ. ಗಂಟಲು ಕಟ್ಟಿದ ದಿನವೂ, ಮನೆಯಲ್ಲಿ ಜಗಳವಾಡಿ ಬಂದ ದಿನವೂ ನಿನ್ನೆಯ ಆಟವನ್ನೇ ಇವತ್ತು ಹೊಸದೆಂಬಂತೆ ಆಡುವ ಕಸುಬು ಅದು.

ನೇರಪ್ರಸಾರದ ಸಂಗೀತ ನಾಟಕಕ್ಕೆ ಒಂದೇ ಆಟ. ಮೂರನೆಯ ದಿನ ಆರಿಹೋಗುತ್ತಾನೆ ಎಂಬ ಭಯ ಇಲ್ಲಿಲ್ಲ, ಏಕೆಂದರೆ ಮೂರನೆಯ ದಿನವೇ ಇಲ್ಲ. ಹಾಗಾದರೆ ಪಳಗಿದ ನಟನ ಅತಿ ದೊಡ್ಡ ಬಂಡವಾಳಕ್ಕೆ ಇಲ್ಲಿ ಗಿರಾಕಿಯೇ ಇಲ್ಲದಂತಾಯಿತು. ಹೊಸಬರನ್ನು ಆರಿಸುವುದಕ್ಕೆ ನನಗೆ ತೋಚುವ ಗಟ್ಟಿ ಸಮರ್ಥನೆ ಇದೇ.

ಆದರೆ ಈ ಸಮರ್ಥನೆಯಲ್ಲೂ ಒಂದು ಬಿರುಕಿದೆ. ವಾರಗಟ್ಟಲೆ ತಾಲೀಮು, ಕ್ಯಾಮೆರಾ ತಾಲೀಮು, ವೇಷ ಹಾಕಿ ಪೂರ್ತಿ ನಡೆಸುವ ಅಂತಿಮ ತಾಲೀಮು ಎಲ್ಲ ಮುಗಿದ ಮೇಲೆ ತೆರೆಗೆ ಬರುವ ಹುಡುಗಿಯ ಪಾಲಿಗೆ ಅದು ಮೊದಲ ಸಲವೇನಲ್ಲ. ಹೊಸತನ ಸವೆದಿರುತ್ತದೆ. ಹಾಗಿದ್ದೂ ನಮಗೆ ಅವಳು ಹೊಸಬಳಾಗಿ ಕಾಣುವುದು ನಮಗೆ ಹಾಗೆಂದು ಮೊದಲೇ ಹೇಳಿರುವುದರಿಂದ. ಆಯ್ಕೆಯಾದ ದಿನದಿಂದಲೇ ಪ್ರಚಾರದಲ್ಲೆಲ್ಲ ಆ ಮಾತಿರುತ್ತದೆ. ನಾವು ನೋಡಲು ಕೂತಾಗ ಒಂದಲ್ಲ, ಎರಡು ಕಥೆ ನಡೆಯುತ್ತಿರುತ್ತವೆ: ಬಿರುಗಾಳಿಗೆ ಸಿಕ್ಕಿ ಗೊತ್ತಿಲ್ಲದ ನಾಡಿಗೆ ಬಿದ್ದ ಡೊರೊಥಿಯದು ಒಂದು, ಕೋಟಿ ಜನರೆದುರು ಬಂದು ಬಿದ್ದ ರಾಹ್ವೇಯ ಹುಡುಗಿಯದು ಇನ್ನೊಂದು. ಎರಡನೆಯ ಕಥೆಯ ಅಪಾಯ ನಿಜವಾದದ್ದು, ಮತ್ತು ವಾಹಿನಿ ಮಾರುತ್ತಿರುವುದು ಅದನ್ನೇ.

ಒಂದು ವರ್ಷದ ನಂತರ ‘ಹೇರ್‌ಸ್ಪ್ರೇ’ ನೇರಪ್ರಸಾರವಾದಾಗ ಈ ವ್ಯಾಪಾರ ಇನ್ನೂ ಸಲೀಸಾಗಿತ್ತು. 1962ರ ಬಾಲ್ಟಿಮೋರ್‌ನ ದಪ್ಪ ಹುಡುಗಿಯೊಬ್ಬಳು ಟಿವಿ ನೃತ್ಯ ಕಾರ್ಯಕ್ರಮದ ಆಡಿಷನ್‌ಗೆ ಹೋಗಿ ರಾತ್ರೋರಾತ್ರಿ ಮನೆಮಾತಾಗುವುದು ಆ ನಾಟಕದ ಕಥೆ. ಅದರ ನಾಯಕಿಯನ್ನೂ ಮುಕ್ತ ಆಡಿಷನ್‌ನಲ್ಲೇ ಆರಿಸಿದರು: ಕಾಲೇಜು ವಿದ್ಯಾರ್ಥಿನಿ ಮ್ಯಾಡಿ ಬೈಲಿಯೋ. ಕಥೆಗೂ ಆಯ್ಕೆಗೂ ಇಷ್ಟು ಅಚ್ಚುಕಟ್ಟಾದ ಹೊಂದಾಣಿಕೆ ಕಂಡಾಗ ನನಗೆ ಸ್ವಲ್ಪ ಗುಮಾನಿಯಾಗುತ್ತದೆ. ಅವಳು ಚೆನ್ನಾಗಿ ಹಾಡಿದಳು, ಅದು ಬೇರೆ ಮಾತು.

ಪ್ರಸಿದ್ಧರನ್ನೇ ಹಾಕಿದರೆ ಈ ತೊಡಕು ತಪ್ಪುತ್ತದೆಯೇ? ಈ ನೇರಪ್ರಸಾರಗಳ ಸರಣಿ ಶುರುವಾದದ್ದೇ ಅಂಥ ಪ್ರಯೋಗದಿಂದ. 2013ರ ಡಿಸೆಂಬರ್ 5ರಂದು ಎನ್‌ಬಿಸಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಪ್ರಸಾರ ಮಾಡಿದಾಗ ನಾಯಕಿ ಮರಿಯಾ ಆಗಿದ್ದವರು ‘ಅಮೆರಿಕನ್ ಐಡಲ್’ ಗೆದ್ದು ಕಂಟ್ರಿ ಸಂಗೀತದ ದೊಡ್ಡ ತಾರೆಯಾಗಿದ್ದ ಕ್ಯಾರಿ ಅಂಡರ್‌ವುಡ್. ಹಾಡಿನಲ್ಲಿ ಎತ್ತಿದ ಕೈ, ನಟನೆಯಲ್ಲಿ ಕಚ್ಚಾ. ನೋಡಿದವರು 1.86 ಕೋಟಿ. ವಿಮರ್ಶಕರು ಕಂಠ ಮೆಚ್ಚಿ ಅಭಿನಯವನ್ನು ಹಿಗ್ಗಾಮುಗ್ಗಾ ಜಾಡಿಸಿದರು. ಅದೇ ಸೆಟ್ಟಿನಲ್ಲಿ ನಾಯಕ ಕ್ಯಾಪ್ಟನ್‌ನ ಭಾವೀ ಪತ್ನಿ ಎಲ್ಸಾಳ ಪಾತ್ರದಲ್ಲಿದ್ದವರು ಲಾರಾ ಬೆನಾಂಟಿ. 1998ರಲ್ಲಿ ಬ್ರಾಡ್‌ವೇಯಲ್ಲಿ ಇದೇ ನಾಟಕ ಮತ್ತೆ ರಂಗಕ್ಕೆ ಬಂದಾಗ ಬೆನಾಂಟಿ ಹದಿಹರೆಯದಲ್ಲೇ ಮರಿಯಾ ಪಾತ್ರಕ್ಕೆ ಬದಲಿ ನಟಿಯಾಗಿ ಸೇರಿ, ಮುಂದೆ ಆ ಪಾತ್ರವನ್ನೇ ವಹಿಸಿಕೊಂಡವರು. ಮರಿಯಾ ಎಂದರೇನೆಂದು ಬಲ್ಲವರು ಮೂರು ಮಾರು ದೂರದಲ್ಲಿ ನಿಂತಿದ್ದರು, ಮರಿಯಾ ಬೇರೆಯವರಾಗಿದ್ದರು. ಅಂದು ಗೆದ್ದದ್ದು ಹೆಸರು.

ಶನೀಸ್‌ಳ ಆಯ್ಕೆಯನ್ನು ಅಂಡರ್‌ವುಡ್‌ರ ಆಯ್ಕೆಯ ಜೊತೆ ಒಂದೇ ತಕ್ಕಡಿಯಲ್ಲಿ ಇಡಬಾರದು ಎನ್ನುವುದು ಇದಕ್ಕೇ. ಒಬ್ಬರು ಪ್ರೇಕ್ಷಕರನ್ನು ತಮ್ಮ ಜೊತೆ ಕರೆತಂದರು. ಆಟ ಕೆಟ್ಟರೂ ಮರುದಿನ ಹಾಡಲು ವೇದಿಕೆ ಇತ್ತು. ಇನ್ನೊಬ್ಬಳ ಬಳಿ ಆ ಒಂದು ರಾತ್ರಿ ಬಿಟ್ಟರೆ ಏನೂ ಇರಲಿಲ್ಲ.

ತಾರಾಮೌಲ್ಯವನ್ನು ನೆಚ್ಚಿ ಪಾತ್ರವೇ ಬಾಗಿಹೋದದ್ದಕ್ಕೆ ‘ದಿ ವಿಜ್’ ಚರಿತ್ರೆಯಲ್ಲೇ ಉದಾಹರಣೆಯಿದೆ. 1975ರಲ್ಲಿ ಬ್ರಾಡ್‌ವೇಯಲ್ಲಿ ಡೊರೊಥಿಯಾದಾಗ ಸ್ಟೆಫನಿ ಮಿಲ್ಸ್‌ಗೆ 17 ವರ್ಷ. 1978ರ ಸಿನಿಮಾದಲ್ಲಿ ಆ ಪಾತ್ರ ಮೂವತ್ತು ದಾಟಿದ್ದ ಡಯಾನಾ ರಾಸ್‌ಗೆ ಹೋಯಿತು. ಅದಕ್ಕಾಗಿ ಪುಟ್ಟ ಹುಡುಗಿ ಹಾರ್ಲೆಮ್‌ನ 24ರ ಶಾಲಾ ಶಿಕ್ಷಕಿಯಾದಳು. ಲೋಕ ಕಾಣದವಳು ಲೋಕ ಕಾಣುವ ಕಥೆಗೆ ಲೋಕವೆಲ್ಲ ಕಂಡ ಮುಖ ಹೊಂದಲಿಲ್ಲ. 2015ರ ನಿರ್ದೇಶಕ ಕೆನ್ನಿ ಲಿಯೋನ್ ಹೊಸಬಳನ್ನು ಡೊರೊಥಿ ಮಾಡಿದ್ದಲ್ಲದೆ, ಅವಳ ಎಮ್ ಚಿಕ್ಕಮ್ಮನಾಗಿ ಅದೇ ಸ್ಟೆಫನಿ ಮಿಲ್ಸ್‌ರನ್ನು ನಿಲ್ಲಿಸಿದರು. ನಾಟಕದ ಮೊದಲ ಹಾಡು ಚಿಕ್ಕಮ್ಮನದು. ಹಾಗಾಗಿ ಹುಡುಗಿ ಒಬ್ಬಳೇ ಹಾಡಬೇಕಾದ ಹೊತ್ತಿಗೆ, ಒಂದಾನೊಂದು ಕಾಲದಲ್ಲಿ ಅದೇ ವಯಸ್ಸಿನಲ್ಲಿ ಅದೇ ಭಾರ ಹೊತ್ತವರು ಎದುರಿಗೆ ನಿಂತು ಆಟಕ್ಕೆ ಶ್ರುತಿ ಹಿಡಿದು ಕೊಟ್ಟಾಗಿತ್ತು. ಹಳೆಯ ಅಭಿಮಾನಿಗಳನ್ನು ಖುಷಿಪಡಿಸುವ ಉಪಾಯ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಇದು ಆ ಇಡೀ ಪ್ರದರ್ಶನದ ಅತ್ಯಂತ ಜವಾಬ್ದಾರಿಯ ನಿರ್ಧಾರವಾಗಿ ಕಾಣುತ್ತದೆ.

ಜವಾಬ್ದಾರಿ ಎಂದೆ. ಅದು ಯಾರದು? ಶನೀಸ್ ಗೆದ್ದಳು; ಬಹಳ ವಿಮರ್ಶಕರು ಮೆಚ್ಚಿದರು; ಆರಿಸಿದವರ ಕಣ್ಣನ್ನು ಹೊಗಳಿದರು. ಅವಳು ಮೊದಲ ಹಾಡಿನಲ್ಲೇ ಅಪಶ್ರುತಿ ಹಿಡಿದಿದ್ದರೆ ಅದೇ ಆಯ್ಕೆ, ಅದೇ ಆಡಿಷನ್, ಅದೇ ಕಣ್ಣು ಬೇಜವಾಬ್ದಾರಿ ಎನಿಸಿಕೊಳ್ಳುತ್ತಿತ್ತು. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನಾಗೆಲ್ ಎಂಬ ಇಬ್ಬರು ತತ್ತ್ವಶಾಸ್ತ್ರಜ್ಞರು ಈ ಬಗೆಯ ಪೇಚನ್ನು ಚರ್ಚೆಗೆ ತಂದರು: ನಮ್ಮ ಕೈಯಲ್ಲಿಲ್ಲದ ಫಲಿತಾಂಶ ನೋಡಿ ನಮ್ಮ ನಿರ್ಧಾರದ ಸರಿ ತಪ್ಪನ್ನು ಅಳೆಯುತ್ತೇವಲ್ಲ, ಇದು ನ್ಯಾಯವೇ? ವಿಲಿಯಮ್ಸ್ ಕೊಟ್ಟ ಉದಾಹರಣೆ ಸಂಸಾರ ಬಿಟ್ಟು ದೂರದ ದ್ವೀಪಕ್ಕೆ ಹೋದ ಚಿತ್ರಕಾರ ಗೊಗ್ಯಾನ್. ಅವನು ಗೆದ್ದದ್ದರಿಂದಲೇ ಆ ನಿರ್ಧಾರಕ್ಕೆ ಒಂದು ಸಮರ್ಥನೆ ಸಿಕ್ಕಿತು.

ಗೊಗ್ಯಾನ್‌ನ ಪ್ರಸಂಗಕ್ಕೂ ನಮ್ಮ ಪ್ರಸಂಗಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಜೂಜಾಡಿದವನ ಕಲೆಯೇ ಪಣಕ್ಕಿತ್ತು; ಸೋತಿದ್ದರೆ ಸೋತ ಚಿತ್ರಕಾರ ಎನಿಸಿಕೊಳ್ಳುವವನು ಅವನೇ. ನೇರಪ್ರಸಾರದಲ್ಲಿ ಜೂಜಾಡುವುದು ವಾಹಿನಿ, ತೆರೆಯ ಮೇಲಿನ ಮುಖ ಹುಡುಗಿಯದು. ಸೋತರೆ ವಾಹಿನಿ ಮುಂದಿನ ಡಿಸೆಂಬರ್‌ಗೆ ಇನ್ನೊಂದು ನಾಟಕ ಹುಡುಕುತ್ತದೆ. ಹುಡುಗಿಯ ಆ ಒಂದು ತುಣುಕು ಅಂತರ್ಜಾಲದಲ್ಲಿ ಶಾಶ್ವತವಾಗಿ ಸುತ್ತುತ್ತದೆ. ಅವಳು ಒಪ್ಪಿಯೇ ಬಂದಳಲ್ಲ ಎನ್ನಬಹುದು. ಹದಿನೆಂಟರ ವಯಸ್ಸಿನಲ್ಲಿ ಇಂಥದ್ದಕ್ಕೆ ಬೇಡ ಎನ್ನುವವರು ಯಾರು?

ಸ್ಟುಡಿಯೋ ಒಳಗಿನ ಸ್ಥಿತಿ ನೋಡಿದರೆ ಈ ಅಪಾಯ ಇನ್ನಷ್ಟು ಹತ್ತಿರದಿಂದ ಕಾಣುತ್ತದೆ. ‘ದಿ ವಿಜ್’ ಆಡಿದ ಸೆಟ್ಟಿನಲ್ಲಿ ಪ್ರೇಕ್ಷಕರಿರಲಿಲ್ಲ. ಎದೆಯುಬ್ಬಿಸಿ ಹಾಡಿದ ಹಾಡು ಮುಗಿಯುತ್ತದೆ. ರಂಗಮಂದಿರದಲ್ಲಾದರೆ ಚಪ್ಪಾಳೆ ಬೀಳುವ ಜಾಗ ಅದು. ಇಲ್ಲಿ ಏನೂ ಇಲ್ಲ. ಮೈಗೆ ಕಟ್ಟಿದ ಮೈಕು ಉಸಿರನ್ನೂ ಹಿಡಿಯುತ್ತದೆ, ಕ್ಯಾಮೆರಾ ಮುಖಕ್ಕೆ ಅಂಟಿಕೊಂಡೇ ಇರುತ್ತದೆ, ಮುಂದಿನ ಮಾತು ಆ ಮೌನದಿಂದಲೇ ಎತ್ತಬೇಕು. ಚಪ್ಪಾಳೆಯ ಮೇಲೆ ಕಾಲಿಟ್ಟು ಮುಂದಿನ ದೃಶ್ಯಕ್ಕೆ ದಾಟುವುದು ರೂಢಿಯಾದ ರಂಗನಟರಿಗೆ ಈ ಮೌನ ಕಂಗೆಡಿಸುವಂಥದ್ದು. ಆ ರೂಢಿಯೇ ಇಲ್ಲದವರಿಗೆ ಕಳೆದುಕೊಳ್ಳುವುದೇನೂ ಇಲ್ಲ. ಹೊಸಬರಿಗೆ ಅನುಕೂಲವಾದ ಜಾಗ ಇದೊಂದೇ ಎಂದು ಕಾಣುತ್ತದೆ. ಆದರೆ ಈ ಮೌನವೂ ಎಲ್ಲ ಕಡೆ ಇರಲಿಲ್ಲ: 2016ರಲ್ಲಿ ಫಾಕ್ಸ್ ವಾಹಿನಿ ‘ಗ್ರೀಸ್’ ಆಡಿಸಿದಾಗ ಸೆಟ್ಟಿಗೇ ಪ್ರೇಕ್ಷಕರನ್ನು ತಂದು ಕೂರಿಸಿತು. ಆಟಕ್ಕೆ ಕಳೆ ಬಂತು.

ಈ ಬಗೆಯ ಪ್ರದರ್ಶನಗಳಲ್ಲಿ ಹೊಸಬರಿಗೆ ಜಾಗವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅವರನ್ನು ಆರಿಸುವವರು ರಂಗಭೂಮಿಯಿಂದ ಹಾಡು, ವೇಷ, ತಾಲೀಮು ಎಲ್ಲ ತಂದು ಒಂದನ್ನು ಮಾತ್ರ ಅಲ್ಲೇ ಬಿಟ್ಟು ಬಂದರಲ್ಲ ಎನ್ನುವುದು ನನ್ನ ತಕರಾರು. 2019ರ ಜನವರಿಯಲ್ಲಿ ಫಾಕ್ಸ್ ‘ರೆಂಟ್’ ನಾಟಕವನ್ನು ನೇರಪ್ರಸಾರ ಮಾಡಬೇಕಿತ್ತು. ಹಿಂದಿನ ದಿನದ ಅಂತಿಮ ತಾಲೀಮಿನಲ್ಲಿ ರೋಜರ್ ಪಾತ್ರದ ಬ್ರೆನಿನ್ ಹಂಟ್ ಕಾಲಿನ ಮೂಳೆ ಮುರಿದುಕೊಂಡರು. ಅವರ ಜಾಗಕ್ಕೆ ಸಿದ್ಧವಾದ ಬದಲಿ ನಟ ಇರಲಿಲ್ಲ. ಕೊನೆಯ ಭಾಗವೊಂದನ್ನು ಬಿಟ್ಟರೆ ಜನ ನೋಡಿದ್ದು ಹಿಂದಿನ ರಾತ್ರಿಯ ತಾಲೀಮಿನ ಮುದ್ರಣ. ಬ್ರಾಡ್‌ವೇಯಲ್ಲಾದರೆ ಅಂಡರ್‌ಸ್ಟಡಿ ಎಂಬ ಒಬ್ಬರು ಪಾತ್ರವನ್ನು ಬಾಯಿಪಾಠ ಮಾಡಿ, ಹೆಜ್ಜೆ ಕಲಿತು, ಎಂದಾದರೂ ಕರೆ ಬಂದೀತೆಂದು ಕಾಯುತ್ತಿರುತ್ತಾರೆ. ಬೆನಾಂಟಿ ಹತ್ತಿದ ಮೆಟ್ಟಿಲು ಅದೇ. ಅಲ್ಲಿ ಹೊಸಬರು ಕಲಿಯುತ್ತಾರೆ, ಸೋತರೆ ಆ ಸೋಲು ನೆರೆದ ಸಾವಿರ ಜನರಲ್ಲೇ ಉಳಿಯುತ್ತದೆ, ಮರುರಾತ್ರಿ ತಿದ್ದಿಕೊಳ್ಳಲು ಅವಕಾಶವಿರುತ್ತದೆ. ಒಂದು ರಾತ್ರಿಯ ಆಟಕ್ಕೆ ಇಷ್ಟೊಂದು ಹಣ ಸುರಿಯುವ ವಾಹಿನಿಗಳು ಪ್ರತಿ ಮುಖ್ಯ ಪಾತ್ರಕ್ಕೂ ಒಬ್ಬ ಹೊಸಬರನ್ನು ಹೀಗೆ ಸಂಬಳ ಕೊಟ್ಟು ಇಟ್ಟುಕೊಳ್ಳಲಿ. ‘ರೆಂಟ್’ ತಂಡ ಹಾಗೆ ಮಾಡಿದ್ದಿದ್ದರೆ ಆ ಭಾನುವಾರ ಯಾರಿಗೂ ಗೊತ್ತಿಲ್ಲದ ಹುಡುಗನೊಬ್ಬ ರೋಜರ್‌ನ ಗಿಟಾರ್ ಎತ್ತಿಕೊಂಡು ಬರುತ್ತಿದ್ದ, ಪ್ರಸಾರವೂ ನಿಜಕ್ಕೂ ನೇರವಾಗಿರುತ್ತಿತ್ತು.